ಹುತ್ತರಿ ಚಂದ್ರನ ಕೆಳಗಿನ ನೀಲಿ ನಕ್ಷತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕೊಡಗಿನಿಂದ ಬಂದ ಪ್ರಶ್ನೆಗಳೇ ಜಾಸ್ತಿ. ಅದರಲ್ಲೂ ಹೆಚ್ಚಿನವು ಒಂದೇ ನಕ್ಷತ್ರದ ಸುತ್ತ ಇವೆ. ಹಾಗಾಗಿ ಬೇರೆ ವಿಷಯದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇಡೀ ಅಂಕಣವನ್ನು ರೈಜೆಲ್‌ಗೇ ಬಿಟ್ಟುಕೊಟ್ಟಿದ್ದೇವೆ. ಆ ನಕ್ಷತ್ರಕ್ಕೆ ಅಷ್ಟು ಜಾಗ ಕೊಡಲೇಬೇಕು.

ಪ್ರಶ್ನೆ: ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕದಿರು ತೆಗೆದು ‘ಪೊಲಿ ಪೊಲಿ ದೇವಾ’ ಎನ್ನುತ್ತಾ ಗದ್ದೆಯಿಂದ ಮನೆ ಕಡೆ ಬರುತ್ತಿದ್ದೆವು. ಪೂರ್ವದಲ್ಲಿ ಹುಣ್ಣಿಮೆ ಚಂದ್ರ. ಅದರ ಕೆಳಗೆ, ಬಲಕ್ಕೆ, ಒಂದು ನೀಲಿ ಬಿಳುಪಿನ ನಕ್ಷತ್ರ ಜೋರಾಗಿ ಮಿನುಗುತ್ತಿತ್ತು. ಅಷ್ಟು ಬೆಳದಿಂಗಳಲ್ಲೂ ಎದ್ದು ಕಾಣುತ್ತಿತ್ತು. ಒಬ್ಬರು ಶುಕ್ರ ಅಂದರು, ಇನ್ನೊಬ್ಬರು ಸ್ಯಾಟಲೈಟ್ ಅಂದರು. ಯಾವುದದು? (ನಾಪೋಕ್ಲುವಿನ ಓದುಗರು)

ಅದು ರೈಜೆಲ್. ಗ್ರಹವೂ ಅಲ್ಲ, ಸ್ಯಾಟಲೈಟೂ ಅಲ್ಲ. ಸ್ಯಾಟಲೈಟ್ ಆಗಿದ್ದರೆ ನೀವು ಮನೆ ಅಂಗಳ ಮುಟ್ಟುವುದರೊಳಗೆ ಆಕಾಶ ದಾಟಿ ಹೋಗಿರುತ್ತಿತ್ತು. ಶುಕ್ರ ಅಂತೂ ಆಗಲು ಸಾಧ್ಯವೇ ಇಲ್ಲ. ಹುಣ್ಣಿಮೆ ಚಂದ್ರ ಇರುವುದು ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿ, ಶುಕ್ರ ಯಾವತ್ತೂ ಸೂರ್ಯನ ಹತ್ತಿರ ಬಿಟ್ಟು ದೂರ ಹೋಗುವುದಿಲ್ಲ, ಆದ್ದರಿಂದ ಹುಣ್ಣಿಮೆ ಚಂದ್ರನ ಪಕ್ಕದಲ್ಲಿ ಶುಕ್ರನನ್ನು ಯಾರೂ ನೋಡಿರಲಿಕ್ಕಿಲ್ಲ.

ನಿಜ ಹೇಳಬೇಕೆಂದರೆ ರೈಜೆಲ್ ಗುರುತಿಸಲು ವರ್ಷದಲ್ಲಿ ಹುತ್ತರಿಯಷ್ಟು ಸುಲಭದ ರಾತ್ರಿ ಇನ್ನೊಂದಿಲ್ಲ. ಹುತ್ತರಿ ಸಾಮಾನ್ಯವಾಗಿ ಬರುವುದು ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ, ರೋಹಿಣಿ ನಕ್ಷತ್ರ ಕೂಡಿದ ಹುಣ್ಣಿಮೆಗೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನೆರೆ (ಎಲೆಗಳ ಕಟ್ಟು) ಕಟ್ಟುವುದಕ್ಕೆ, ಕದಿರು ತೆಗೆಯುವುದಕ್ಕೆ, ಊಟಕ್ಕೆ ಎಂದು ಹೊತ್ತು ಗೊತ್ತು ಮಾಡುತ್ತಾರಲ್ಲ, ಆ ರಾತ್ರಿ ಚಂದ್ರ ಆಕಾಶದಲ್ಲಿ ರೋಹಿಣಿಯ ಆಸುಪಾಸಿನಲ್ಲೇ ಇರುತ್ತಾನೆ. ರೋಹಿಣಿಯ ಬೆನ್ನಿಗೇ ಹುಟ್ಟಿ ಬರುವುದು ಒರಾಯನ್, ನಮ್ಮ ಪುಸ್ತಕಗಳಲ್ಲಿ ಮಹಾವ್ಯಾಧ ಎನ್ನುವ ನಕ್ಷತ್ರಪುಂಜ. ಹಾಗಾಗಿ ಕದಿರು ತೆಗೆಯುವ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿ ನಿಂತರೆ ಮೇಲೆ ಚಂದ್ರ, ಕೆಳಗೆ ಒರಾಯನ್.

ನೋಡುವ ಕ್ರಮ ಹೇಳುತ್ತೇನೆ. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಮೊದಲು ಒಂದೇ ಸಾಲಿನಲ್ಲಿ ಹತ್ತಿರ ಹತ್ತಿರ ಇರುವ ಮೂರು ನಕ್ಷತ್ರ ಹುಡುಕಿ. ಹುಟ್ಟುವಾಗ ಆ ಸಾಲು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ, ತುದಿ ಸ್ವಲ್ಪ ಎಡಕ್ಕೆ ವಾಲಿರುತ್ತದೆ. ಅದರಿಂದ ಒಂದು ಮುಷ್ಟಿ ಬಲಕ್ಕೆ, ಚೂರು ಮೇಲೆ ರೈಜೆಲ್. ಒಂದು ಮುಷ್ಟಿ ಎಡಕ್ಕೆ, ಚೂರು ಕೆಳಗೆ ಇನ್ನೊಂದು ದೊಡ್ಡ ನಕ್ಷತ್ರ, ಬಣ್ಣ ಕೆಂಪು ಕಿತ್ತಳೆ. ಅದು ನಮ್ಮ ಆರ್ದ್ರಾ, ಇಂಗ್ಲಿಷ್ ಹೆಸರು ಬೀಟಲ್‌ಜೂಸ್. ಕೊಡಗಿನಲ್ಲಿ ರೈಜೆಲ್ ಮೊದಲು ಹುಟ್ಟುತ್ತದೆ, ಆರ್ದ್ರಾ ಸುಮಾರು ಅರ್ಧ ಗಂಟೆ ಬಿಟ್ಟು ಬರುತ್ತದೆ. ಇಂಗ್ಲೆಂಡಿನಲ್ಲಿ ನಿಂತು ನೋಡಿದರೆ ಇದು ತಿರುಗುಮುರುಗು, ಅಲ್ಲಿ ಆರ್ದ್ರಾ ಮೊದಲು. ನಾವು ಭೂಮಧ್ಯರೇಖೆಗೆ ಹತ್ತಿರ ಇರುವುದೇ ಕಾರಣ. ಆದ್ದರಿಂದ ಹೊರದೇಶದ ಪುಸ್ತಕದ ಚಿತ್ರ ಹಿಡಿದುಕೊಂಡು ಇಲ್ಲಿ ಹುಡುಕಬೇಡಿ, ಅಲ್ಲಿ ಒರಾಯನ್ ನೆಟ್ಟಗೆ ನಿಂತಿರುತ್ತಾನೆ, ನಮ್ಮ ಪೂರ್ವ ದಿಕ್ಕಿನಲ್ಲಿ ಮಗ್ಗುಲಾಗಿ ಮಲಗಿ ಏಳುತ್ತಾನೆ.

ಒಂಬತ್ತು ಗಂಟೆ ದಾಟಿದ ಮೇಲೆ ಇನ್ನೂ ಕೆಳಗೆ, ರೈಜೆಲ್‌ಗಿಂತ ಪ್ರಕಾಶವಾಗಿ ಒಂದು ಏಳುತ್ತದೆ. ಅದು ಲುಬ್ಧಕ, ಅಂದರೆ ಸಿರಿಯಸ್. ಇವೆರಡನ್ನು ಅದಲುಬದಲು ಮಾಡಿಕೊಳ್ಳುವವರು ಬಹಳ. ಮೂರು ನಕ್ಷತ್ರದ ಸಾಲು ಪಕ್ಕದಲ್ಲೇ ಇದ್ದರೆ ರೈಜೆಲ್, ಅಷ್ಟು ನೆನಪಿದ್ದರೆ ಸಾಕು.

ಪ್ರಶ್ನೆ: ನಮ್ಮ ಸ್ಕೂಲಿನ ನೀರಿನ ಫಿಲ್ಟರ್‌ನಲ್ಲಿ ನೀಲಿ ನಲ್ಲಿ ಅಂದರೆ ತಣ್ಣೀರು, ಕೆಂಪು ನಲ್ಲಿ ಅಂದರೆ ಬಿಸಿನೀರು. ಹಾಗಾದರೆ ನೀಲಿ ನಕ್ಷತ್ರ ತಣ್ಣಗಿರುತ್ತದಾ? (ಒಂಬತ್ತನೇ ಕ್ಲಾಸಿನ ಹುಡುಗಿ, ಸೋಮವಾರಪೇಟೆ)

ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ಉತ್ತರ ಪೂರ್ತಿ ಉಲ್ಟಾ. ನಲ್ಲಿಯ ಬಣ್ಣ ನಾವು ಮಾಡಿಕೊಂಡ ಗುರುತು. ನಕ್ಷತ್ರದ ಬಣ್ಣ ಅದರ ಶಾಖದಿಂದಲೇ ಬರುತ್ತದೆ.

ನಿಮ್ಮ ಕಡೆ ಕತ್ತಿ ಹದ ಮಾಡುವ ಕುಲುಮೆ ಇದ್ದರೆ ಒಂದು ಸಲ ಹೋಗಿ ನೋಡು. ಕಬ್ಬಿಣ ಮೊದಲು ಕಪ್ಪು ಕೆಂಪಾಗುತ್ತದೆ. ತಿದಿ ಒತ್ತುತ್ತಾ ಹೋದ ಹಾಗೆ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಕಣ್ಣು ಕೋರೈಸುವ ಬಿಳಿ. ಕೆಂಪು ಅಂದರೆ ಆ ಸಾಲಿನಲ್ಲಿ ಎಲ್ಲಕ್ಕಿಂತ ಕಡಿಮೆ ಶಾಖ. ಕುಲುಮೆಯಲ್ಲಿ ಬಿಳಿಗಿಂತ ಮುಂದಕ್ಕೆ ಹೋಗಲು ಆಗುವುದಿಲ್ಲ, ಕಬ್ಬಿಣ 1,538 ಡಿಗ್ರಿಗೆ ಕರಗಿಬಿಡುತ್ತದೆ. ನಕ್ಷತ್ರಕ್ಕೆ ಆ ಮಿತಿ ಇಲ್ಲ. ಆರ್ದ್ರಾದ ಮೇಲ್ಮೈ ಸುಮಾರು 3,300 ಡಿಗ್ರಿ, ಹಾಗಾಗಿ ಕೆಂಪು. ನಮ್ಮ ಸೂರ್ಯ ಸುಮಾರು 5,500. ರೈಜೆಲ್ ಸುಮಾರು 12,000. ಅಷ್ಟು ಶಾಖ ಏರಿದಾಗ ಬೆಳಕು ನೀಲಿ ಕಡೆಗೆ ವಾಲುತ್ತದೆ. ರೈಜೆಲ್ ಚೆಲ್ಲುವ ಬೆಳಕಿನಲ್ಲಿ ದೊಡ್ಡ ಪಾಲು ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣ.

ಶಾಖ ಎರಡು ಪಟ್ಟು ಆದರೆ ಬೆಳಕೂ ಎರಡೇ ಪಟ್ಟು ಅಂದುಕೊಳ್ಳಬೇಡ. ನಾಲ್ಕು ಎರಡುಗಳನ್ನು ಒಂದಕ್ಕೊಂದು ಗುಣಿಸಿದ ಹಾಗೆ ಏರುತ್ತದೆ, ಅಂದರೆ 16 ಪಟ್ಟು. ಸೂರ್ಯನ ಮೇಲ್ಮೈಯ ಒಂದು ಚದರ ಮೀಟರಿಗೆ ಹೋಲಿಸಿದರೆ ರೈಜೆಲ್‌ನ ಒಂದು ಚದರ ಮೀಟರ್ ಅದಕ್ಕೂ ಸ್ವಲ್ಪ ಜಾಸ್ತಿಯೇ ಬೆಳಕು ಕೊಡುತ್ತದೆ. ಅದರ ಮೇಲೆ ರೈಜೆಲ್‌ನ ಗಾತ್ರ ಸೇರಿಸು. ಅಡ್ಡಳತೆಯಲ್ಲಿ ಸೂರ್ಯನಿಗಿಂತ 70 ಪಟ್ಟಿಗೂ ಹೆಚ್ಚು. ಸೂರ್ಯನ ಜಾಗದಲ್ಲಿ ಅದನ್ನು ಇಟ್ಟರೆ ಬುಧ ಗ್ರಹದ ದಾರಿ ಹತ್ತಿರದ ತನಕ ಬರುತ್ತದೆ. ಇವೆರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಂದು ರೈಜೆಲ್, ಸುಮಾರು ಒಂದು ಲಕ್ಷ ಸೂರ್ಯರಷ್ಟು ಬೆಳಕು ಚೆಲ್ಲುತ್ತದೆ. ಇಂಥ ನಕ್ಷತ್ರಗಳಿಗೆ ನೀಲಿ ಮಹಾದೈತ್ಯ ಎನ್ನುತ್ತಾರೆ, ಅದು ಸುಮ್ನೆ ಕೊಟ್ಟ ಹೆಸರಲ್ಲ.

ಇನ್ನೊಂದು ವಿಷಯ. ಬರಿಗಣ್ಣಿಗೆ ರೈಜೆಲ್ ಅಚ್ಚ ನೀಲಿಯಾಗಿ ಕಾಣುವುದಿಲ್ಲ, ನೀಲಿ ಬೆರೆತ ಬಿಳಿ ಅಷ್ಟೆ. ಬಣ್ಣ ಚೆನ್ನಾಗಿ ನೋಡಬೇಕಾದರೆ ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ತೆಗೆದುಕೊಂಡು, ಗೋಡೆಗೆ ಮೊಣಕೈ ಊರಿ, ರೈಜೆಲ್ ಕಡೆ ಹಿಡಿದು, ಫೋಕಸ್ ಚಕ್ರವನ್ನು ಬೇಕೆಂದೇ ಸ್ವಲ್ಪ ತಪ್ಪಿಸು. ಚುಕ್ಕೆ ಹರಡಿ ಒಂದು ಪುಟ್ಟ ಬಿಲ್ಲೆಯಾಗುತ್ತದೆ. ಬಿಲ್ಲೆಯ ತುಂಬ ತಣ್ಣನೆಯ ನೀಲಿ ಛಾಯೆ ತುಂಬಿಕೊಂಡಿರುತ್ತದೆ. ಚಕ್ರ ಮುಟ್ಟದೆ ಹಾಗೇ ಆರ್ದ್ರಾ ಕಡೆ ತಿರುಗಿಸು. ಅದೇ ಅಳತೆಯ ಬಿಲ್ಲೆ, ಆದರೆ ಕಿತ್ತಳೆ. ಎರಡನ್ನೂ ಒಂದರ ಹಿಂದೆ ಒಂದು ನೋಡಿದಾಗ ಆಗುವ ಸಂತೋಷವನ್ನು ಬರೆದು ತಿಳಿಸಲು ಆಗುವುದಿಲ್ಲ, ನೋಡಲೇಬೇಕು. ಒಂಬತ್ತು ಸಾವಿರ ಡಿಗ್ರಿಯ ವ್ಯತ್ಯಾಸವನ್ನು ನೀನು ಬರೀ ಕಣ್ಣಲ್ಲೇ ಅಳೆದ ಹಾಗಾಯಿತು, ಅಲ್ವಾ?

ಪ್ರಶ್ನೆ: ನನ್ನ ಜನ್ಮನಕ್ಷತ್ರ ಆರ್ದ್ರಾ. ರೈಜೆಲ್ ಆರ್ದ್ರಾಕ್ಕಿಂತ ಪ್ರಕಾಶವಾಗಿದ್ದರೂ 27 ನಕ್ಷತ್ರಗಳಲ್ಲಿ ಯಾಕೆ ಇಲ್ಲ? (ಶನಿವಾರಸಂತೆ)

27 ನಕ್ಷತ್ರಗಳ ಪಟ್ಟಿ ಪ್ರಕಾಶ ನೋಡಿ ಮಾಡಿದ್ದಲ್ಲ, ಚಂದ್ರನ ದಾರಿ ನೋಡಿ ಮಾಡಿದ್ದು. ರೈಜೆಲ್ ಆ ದಾರಿಯಿಂದ ದಕ್ಷಿಣಕ್ಕೆ 30 ಡಿಗ್ರಿಗೂ ಜಾಸ್ತಿ ದೂರ ಇದೆ. ಚಂದ್ರ ಅದರ ಹತ್ತಿರ ಹೋಗುವುದೇ ಇಲ್ಲ. ಆದರೆ ನಮ್ಮವರ ಕಥೆಯಲ್ಲಿ ಅದಕ್ಕೂ ಜಾಗ ಇದೆ. ಈ ಇಡೀ ಗುಂಪನ್ನು ಒಂದು ಜಿಂಕೆ ಎಂದುಕೊಂಡರೆ ಮೂರು ನಕ್ಷತ್ರದ ಸಾಲು ಅದಕ್ಕೆ ನಾಟಿದ ಬಾಣ, ಬಾಣ ಬಿಟ್ಟವನು ಲುಬ್ಧಕ, ನಾಲ್ಕು ಮೂಲೆಯ ನಕ್ಷತ್ರಗಳು ಕಾಲುಗಳು. ಆ ಕಾಲುಗಳಲ್ಲಿ ಒಂದು ರೈಜೆಲ್.

ಪ್ರಶ್ನೆ: ನಾವು ನೋಡುವ ರೈಜೆಲ್‌ನ ಬೆಳಕು ನೂರಾರು ವರ್ಷ ಹಳೆಯದು ಎನ್ನುತ್ತಾರೆ. ದೂರ ಅಳೆದದ್ದು ಹೇಗೆ? ಆ ನಕ್ಷತ್ರ ಈಗ ಇಲ್ಲದೆಯೂ ಇರಬಹುದಲ್ಲವೇ? (ನಿವೃತ್ತ ಶಿಕ್ಷಕರು, ಮಡಿಕೇರಿ)

ಮೇಷ್ಟ್ರೇ, ರೈಜೆಲ್ ಹೆಚ್ಚುಕಡಿಮೆ 860 ಜ್ಯೋತಿರ್ವರ್ಷ ದೂರ ಇದೆ. ಒಂದು ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ, ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ಈಗ ನಿಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಿದ್ದು 12ನೇ ಶತಮಾನದಲ್ಲಿ. ಕಲ್ಯಾಣದಲ್ಲಿ ಬಸವಣ್ಣನವರು, ಅಲ್ಲಮಪ್ರಭುಗಳು ಇದ್ದ ಕಾಲ. ಆ ಬೆಳಕು ದಾರಿಯಲ್ಲಿ ಇರುವಾಗಲೇ ಹೊಯ್ಸಳರು, ವಿಜಯನಗರದವರು, ಹಾಲೇರಿ ಅರಸರು ಎಲ್ಲರೂ ಬಂದು ಹೋದರು.

ಅಳತೆಯ ವಿಧಾನ ಸರಳ, ಮಾಡುವುದು ಕಷ್ಟ. ಭೂಮಿ ಜನವರಿಯಲ್ಲಿ ಸೂರ್ಯನ ಒಂದು ಕಡೆ ಇದ್ದರೆ ಜುಲೈನಲ್ಲಿ ಇನ್ನೊಂದು ಕಡೆ. ಎರಡು ಜಾಗದ ನಡುವೆ ಸುಮಾರು 30 ಕೋಟಿ ಕಿಲೋಮೀಟರ್. ಎರಡೂ ಕಡೆಯಿಂದ ನೋಡಿದಾಗ ನಕ್ಷತ್ರ ತನ್ನ ಹಿಂದಿನ ದೂರದ ನಕ್ಷತ್ರಗಳ ಎದುರು ಒಂದಿಷ್ಟು ಜರುಗಿದಂತೆ ಕಾಣುತ್ತದೆ. ಆ ಜರುಗಿದ್ದರಲ್ಲಿ ಅರ್ಧವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ಡಿಗ್ರಿಯನ್ನು 3,600 ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು ಮತ್ತೆ ಸಾವಿರ ಪಾಲು ಮಾಡಿದರೆ, ರೈಜೆಲ್‌ಗೆ ಸಿಗುವುದು ನಾಲ್ಕು ಪಾಲಿಗಿಂತಲೂ ಚೂರು ಕಡಿಮೆ. ಅಷ್ಟು ಸಣ್ಣ ಅಳತೆ. ಯುರೋಪಿನವರು 1989ರಲ್ಲಿ ಹಾರಿಸಿದ ಹಿಪ್ಪಾರ್ಕೋಸ್ ಉಪಗ್ರಹದಿಂದ ಇದು ಸಿಕ್ಕಿತು. ಆಮೇಲೆ ಬಂದ ಗೈಯಾ ಉಪಗ್ರಹ ಕೋಟ್ಯಂತರ ನಕ್ಷತ್ರಗಳ ದೂರ ಇನ್ನೂ ನಿಖರವಾಗಿ ಅಳೆಯಿತು, ಆದರೆ ರೈಜೆಲ್‌ನ ಪ್ರಕಾಶ ಅದರ ಕಣ್ಣಿಗೆ ತೀರಾ ಜಾಸ್ತಿ.

ಗಾತ್ರದ ಅಳತೆಯ ಕಥೆ ನನಗೆ ಇನ್ನೂ ಇಷ್ಟ, ಯಾಕೆಂದರೆ ಅದಕ್ಕೆ ನಮ್ಮ ಪಕ್ಕದ ಬೆಟ್ಟದ ನಂಟಿದೆ. ನೀಲಗಿರಿಯ ಅರುವಂಕಾಡಿನಲ್ಲಿ 1916ರಲ್ಲಿ ಹುಟ್ಟಿದ ರಾಬರ್ಟ್ ಹ್ಯಾನ್ಬರಿ ಬ್ರೌನ್ ಎಂಬವರು ಮುಂದೆ ಆಸ್ಟ್ರೇಲಿಯಾದ ನರಾಬ್ರೈ ಎಂಬಲ್ಲಿ ಒಂದು ವಿಚಿತ್ರ ಯಂತ್ರ ಕಟ್ಟಿಸಿದರು. ವೃತ್ತಾಕಾರದ ರೈಲು ಹಳಿ, ಅದರ ಮೇಲೆ ಓಡಾಡುವ ಎರಡು ದೊಡ್ಡ ಕನ್ನಡಿ, ಒಂದೊಂದೂ ಆರು ಮೀಟರಿಗಿಂತ ಅಗಲ. ಕನ್ನಡಿಗಳ ಅಂತರ ಬದಲಿಸುತ್ತಾ ಎರಡರಲ್ಲೂ ಬೀಳುವ ಬೆಳಕಿನ ಏರಿಳಿತ ಎಷ್ಟು ಹೊಂದುತ್ತದೆ ಎಂದು ನೋಡಿ, ಬಿಸಿ ನಕ್ಷತ್ರಗಳ ಅಡ್ಡಳತೆ ಹಿಡಿದರು. ರೈಜೆಲ್ ಕೂಡ ಅವರ ಪಟ್ಟಿಯಲ್ಲಿತ್ತು. ಆ ಅಳತೆಗೆ ದೂರ ಸೇರಿಸಿದಾಗ ಅಡ್ಡಳತೆ ಸುಮಾರು ಹತ್ತು ಕೋಟಿ ಕಿಲೋಮೀಟರ್ ಎಂದು ಗೊತ್ತಾಗುತ್ತದೆ.

ಈಗ ಅಲ್ಲಿ ನಕ್ಷತ್ರ ಇದೆಯೋ ಇಲ್ಲವೋ ಎಂಬ ಮಾತು. ‘ನಾವು ನೋಡುವ ನಕ್ಷತ್ರಗಳೆಲ್ಲ ಸತ್ತು ಹೋಗಿವೆ’ ಎಂದು ಬಹಳ ಜನ ಹೇಳುತ್ತಾರೆ, ಕೇಳಲು ಚೆನ್ನಾಗಿದೆ, ಆದರೆ ಅದು ನಿಜವಲ್ಲ. ಬರಿಗಣ್ಣಿಗೆ ಕಾಣುವ ನಕ್ಷತ್ರಗಳು ಹೆಚ್ಚೆಂದರೆ ಕೆಲವು ಸಾವಿರ ಜ್ಯೋತಿರ್ವರ್ಷದ ಒಳಗೆ ಇರುವವು. ನಕ್ಷತ್ರದ ಆಯುಷ್ಯ ಲಕ್ಷ, ಕೋಟಿ ವರ್ಷದ ಲೆಕ್ಕ. ಅದರ ಮುಂದೆ 860 ವರ್ಷ ಏನೂ ಅಲ್ಲ. ರೈಜೆಲ್ ಅಲ್ಲೇ ಇದೆ ಎಂದು ಧೈರ್ಯವಾಗಿ ಮಕ್ಕಳಿಗೆ ಹೇಳಿ.

ಇನ್ನೊಂದನ್ನೂ ಹೇಳಿ ಮೇಷ್ಟ್ರೇ. ರೈಜೆಲ್‌ನ ವಯಸ್ಸು ಸುಮಾರು 80 ಲಕ್ಷ ವರ್ಷ. ಸೂರ್ಯನಿಗೆ 460 ಕೋಟಿ. ಕೊಡಗಿನ ಬೆಟ್ಟಗಳ ಬುಡದ ಕಲ್ಲುಗಳಲ್ಲಿ 300 ಕೋಟಿ ವರ್ಷ ದಾಟಿದವು ಇವೆ. ಅಂದರೆ ನಿಮ್ಮ ಕಾಲಡಿಯ ಬಂಡೆ ತನ್ನ ಆಯುಷ್ಯದ ಬಹುಪಾಲು ಕಳೆದದ್ದು ರೈಜೆಲ್ ಇಲ್ಲದ ಆಕಾಶದ ಕೆಳಗೆ. ನಕ್ಷತ್ರ ಅಂದರೆ ಅನಾದಿ ಕಾಲದ್ದು, ಭೂಮಿಗಿಂತ ಹಳೆಯದು ಎಂದು ನಾವೆಲ್ಲ ಅಂದುಕೊಳ್ಳುತ್ತೇವಲ್ಲ, ಇದು ಹಾಗಲ್ಲ. ಡೈನೋಸಾರ್‌ಗಳು ಅಳಿದು ಐದಾರು ಕೋಟಿ ವರ್ಷ ಆದ ಮೇಲೆ ಹುಟ್ಟಿದ ನಕ್ಷತ್ರ ಇದು.

ಪ್ರಶ್ನೆ: ಈ ನಕ್ಷತ್ರ ಯಾವಾಗ ಬೇಕಾದರೂ ಸಿಡಿಯುತ್ತದೆ, ಭೂಮಿ ಸುಟ್ಟು ಹೋಗುತ್ತದೆ ಎಂದು ಒಂದು ವಿಡಿಯೋ ಮೊಬೈಲಿನಲ್ಲಿ ಓಡಾಡುತ್ತಿದೆ. ಮಗಳು ಹೆದರಿ ರಾತ್ರಿ ಹೊರಗೆ ಬರುತ್ತಿಲ್ಲ. ನಿಜವಾ? (ಕುಶಾಲನಗರದ ತಾಯಿ)

ಅಕ್ಕ, ಮಗಳಿಗೆ ಮೊದಲು ಇಷ್ಟು ಹೇಳಿ: ಏನೂ ಆಗುವುದಿಲ್ಲ. ಕಾರಣ ಆಮೇಲೆ ವಿವರಿಸಿ.

ಆ ವಿಡಿಯೋದಲ್ಲಿ ಎರಡು ಬೇರೆ ನಕ್ಷತ್ರಗಳ ಸುದ್ದಿ ಬೆರೆತಿರಬೇಕು. 2019ರ ಕೊನೆಯಲ್ಲಿ ಮಂಕಾದದ್ದು ಆರ್ದ್ರಾ, ರೈಜೆಲ್ ಅಲ್ಲ. 2020ರ ಫೆಬ್ರವರಿ ಹೊತ್ತಿಗೆ ಆರ್ದ್ರಾ ಎಷ್ಟು ಮಂಕಾಯಿತು ಎಂದರೆ ಬರಿಗಣ್ಣಲ್ಲೇ ಗೊತ್ತಾಗುತ್ತಿತ್ತು. ಸಿಡಿಯುತ್ತದೆ ಎಂದು ಆಗ ಎಲ್ಲ ಕಡೆ ಗುಲ್ಲೆದ್ದಿತು. ನಡೆದದ್ದು ಬೇರೆ. ನಕ್ಷತ್ರ ತನ್ನ ಮೈಯಿಂದ ಒಂದಷ್ಟು ಅನಿಲ ಉಗುಳಿತು, ಅದು ತಣಿದು ಧೂಳಾಗಿ ನಮಗೂ ಅದಕ್ಕೂ ನಡುವೆ ಅಡ್ಡ ಬಂತು. ಧೂಳು ಸರಿಯಿತು, ನಕ್ಷತ್ರ ಮತ್ತೆ ಮೊದಲಿನಂತಾಯಿತು.

ರೈಜೆಲ್ ಒಂದು ದಿನ ಸಿಡಿಯುವುದು ನಿಜ. ಅದರ ತೂಕ ಸೂರ್ಯನ ಸುಮಾರು 20 ಪಟ್ಟು. ತೂಕ ಜಾಸ್ತಿ ಇರುವ ನಕ್ಷತ್ರಕ್ಕೆ ಉರುವಲೂ ಜಾಸ್ತಿ, ಆದರೆ ಅದು ಉರಿಸುವ ವೇಗ ಇನ್ನೂ ಜಾಸ್ತಿ. ಸೂರ್ಯ ಒಟ್ಟು ಸಾವಿರ ಕೋಟಿ ವರ್ಷ ಉರಿಯುವವನು, ರೈಜೆಲ್ ಒಂದು ಕೋಟಿಯ ಆಸುಪಾಸಿನಲ್ಲೇ ಮುಗಿಸುತ್ತದೆ. ಈಗಾಗಲೇ ನಡುವಿನ ಹೈಡ್ರೋಜನ್ ಖಾಲಿ ಮಾಡಿಕೊಂಡಿದೆ. ಸೂರ್ಯನಿಂದ ಹೊರಗೆ ಬೀಸುವ ಗಾಳಿಗೆ ಹೋಲಿಸಿದರೆ ಸುಮಾರು ಒಂದು ಕೋಟಿ ಪಟ್ಟು ದ್ರವ್ಯವನ್ನು ಪ್ರತಿ ವರ್ಷ ಹೊರಕ್ಕೆ ಕಳೆದುಕೊಳ್ಳುತ್ತಿದೆ. ಆದರೂ ‘ಬೇಗ’ ಎಂಬುದು ಇಲ್ಲಿ ಲಕ್ಷಾಂತರ ವರ್ಷದ ಮಾತು. ಮಗಳ ಮೊಮ್ಮಕ್ಕಳ ಮೊಮ್ಮಕ್ಕಳೂ ಇದೇ ರೈಜೆಲ್ ನೋಡುತ್ತಾರೆ.

ಸಿಡಿದರೂ 860 ಜ್ಯೋತಿರ್ವರ್ಷ ದೂರದಿಂದ ನಮಗೆ ತೊಂದರೆ ಇಲ್ಲ. ಅಪಾಯ ಆಗಬೇಕಾದರೆ ಹತ್ತಾರು ಜ್ಯೋತಿರ್ವರ್ಷದಷ್ಟು ಹತ್ತಿರ ಇರಬೇಕು. ಹಗಲಲ್ಲೂ ಕಾಣುವ ಒಂದು ಚುಕ್ಕೆ ಆಕಾಶದಲ್ಲಿ ಕೆಲವು ತಿಂಗಳು ಇರುತ್ತದೆ ಅಷ್ಟೆ.

ನೀಲಿ ಮಹಾದೈತ್ಯ ಸಿಡಿದದ್ದನ್ನು ಮನುಷ್ಯರು ಚೆನ್ನಾಗಿ ನೋಡಿದ್ದು 1987ರ ಫೆಬ್ರವರಿಯಲ್ಲಿ. ನಮ್ಮ ಆಕಾಶಗಂಗೆಯ ಹೊರಗೆ, ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದ ದೊಡ್ಡ ಮೆಗೆಲ್ಲಾನಿಕ್ ಮೋಡ ಎಂಬ ಪಕ್ಕದ ಪುಟ್ಟ ಗ್ಯಾಲಕ್ಸಿಯಲ್ಲಿ. ಸಿಡಿಯುವವು ಕೆಂಪು ನಕ್ಷತ್ರಗಳು ಎಂದೇ ಅಲ್ಲಿವರೆಗೆ ನಂಬಿದ್ದವರಿಗೆ, ಹಳೆ ಫೋಟೋ ತೆಗೆದು ನೋಡಿದಾಗ ಆ ಜಾಗದಲ್ಲಿ ನೀಲಿ ನಕ್ಷತ್ರ ಇದ್ದದ್ದು ಕಂಡು ಆಶ್ಚರ್ಯವಾಯಿತು. ಬೆಳಕು ಬರುವುದಕ್ಕೆ ಎರಡು ಮೂರು ಗಂಟೆ ಮೊದಲೇ ನ್ಯೂಟ್ರಿನೊ ಎಂಬ ಕಣಗಳು ಭೂಮಿಗೆ ಬಂದಿದ್ದವು. ಜಪಾನ್, ಅಮೆರಿಕ, ರಷ್ಯಾದ ನೆಲದಡಿಯ ಯಂತ್ರಗಳಲ್ಲಿ ಸಿಕ್ಕಿದ್ದು ಎಲ್ಲ ಸೇರಿ ಎರಡು ಡಜನ್ ಮಾತ್ರ. ನ್ಯೂಟ್ರಿನೊ ವಿಷಯ ನಮಗೂ ಹೊಸದಲ್ಲ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ಮೊದಲು ಹಿಡಿದ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು. 1987ರ ಆ ಸ್ಫೋಟದಿಂದ ಭೂಮಿಯ ಮೇಲೆ ಒಂದು ಎಲೆಯೂ ಬಾಡಲಿಲ್ಲ. ಈ ಕಥೆ ಹೇಳಿ, ಮಗಳ ಕೈ ಹಿಡಿದು ಅಂಗಳಕ್ಕೆ ಕರೆದುಕೊಂಡು ಬನ್ನಿ.

ಪ್ರಶ್ನೆ: ಚಳಿಗಾಲದಲ್ಲಿ ಇಷ್ಟು ಚೆನ್ನಾಗಿ ಕಾಣುವ ಒರಾಯನ್, ಮಳೆಗಾಲದಲ್ಲಿ ಮೋಡ ಬಿಟ್ಟ ರಾತ್ರಿಯಲ್ಲೂ ಕಾಣುವುದಿಲ್ಲ, ಯಾಕೆ? (ವಿರಾಜಪೇಟೆ)

ಆಗ ಸೂರ್ಯ ಅದೇ ದಿಕ್ಕಿನಲ್ಲಿ ಇರುತ್ತಾನೆ, ಅಷ್ಟೇ ಕಾರಣ. ಒರಾಯನ್ ಹಗಲಲ್ಲಿ ಹುಟ್ಟಿ ಹಗಲಲ್ಲೇ ಮುಳುಗುತ್ತದೆ. ಇದನ್ನು ನಮ್ಮ ರೈತರು ಕ್ಯಾಲೆಂಡರಿನಲ್ಲೇ ಬರೆದಿಟ್ಟಿದ್ದಾರೆ. ಮೃಗಶಿರಾ ಮಳೆ, ಆರಿದ್ರಾ ಮಳೆ ಎನ್ನುತ್ತೇವಲ್ಲ, ಸೂರ್ಯ ಆ ನಕ್ಷತ್ರಗಳಲ್ಲಿ ಇರುವ ದಿನಗಳ ಮಳೆ ಎಂದೇ ಅರ್ಥ. ಜೂನ್ 21, 22ರ ಹೊತ್ತಿಗೆ ಸೂರ್ಯ ಆರ್ದ್ರಾಕ್ಕೆ ಬರುತ್ತಾನೆ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂಬ ಗಾದೆ ಹುಟ್ಟಿದ್ದು ಇದೇ ಮಳೆಯ ಮೇಲೆ. ಆ ನಕ್ಷತ್ರಗಳು ಕಣ್ಣಿಗೆ ಕಾಣದ ದಿನಗಳಲ್ಲೇ ಅವುಗಳ ಹೆಸರಿನ ಮಳೆ ಬರುತ್ತದೆ. ಆಗಸ್ಟ್ ಮಧ್ಯದಲ್ಲಿ ಕಕ್ಕಡ ತಿಂಗಳು ಮುಗಿಯುವ ಹೊತ್ತಿಗೆ ಒರಾಯನ್ ಬೆಳಗಿನ ಜಾವ ಪೂರ್ವದಲ್ಲಿ ಎದ್ದಿರುತ್ತದೆ. ಮೋಡ ಹರಿದರೆ ನಾಲ್ಕೂವರೆಗೆ ಎದ್ದು ನೋಡಿ.

ಪ್ರಶ್ನೆ: ಮಗನಿಗೆ ಟೆಲಿಸ್ಕೋಪ್ ಕೊಡಿಸೋಣ ಅಂತಿದ್ದೇನೆ. ರೈಜೆಲ್ ದೊಡ್ಡದಾಗಿ, ಚಂದ್ರನ ಹಾಗೆ ಕಾಣುತ್ತದಾ? (ಗೋಣಿಕೊಪ್ಪ)

ಇಲ್ಲ ಸರ್. ಎಷ್ಟೇ ದುಡ್ಡು ಹಾಕಿದರೂ ರೈಜೆಲ್ ಚುಕ್ಕೆಯಾಗಿಯೇ ಕಾಣುತ್ತದೆ. ಅಂಗಡಿಯಲ್ಲಿ ಡಬ್ಬಿಯ ಮೇಲೆ ಬಣ್ಣಬಣ್ಣದ ಚಿತ್ರ ಹಾಕಿ, ನೂರಾರು ಪಟ್ಟು ದೊಡ್ಡದು ಮಾಡುತ್ತದೆ ಎಂದು ಮಾರುವುದನ್ನು ನಂಬಬೇಡಿ. ಮೊದಲ ವರ್ಷ 10x50 (ಹತ್ತು ಪಟ್ಟು ದೊಡ್ಡದು ಮಾಡುವ, 50 ಮಿಲಿಮೀಟರ್ ಅಗಲದ ಗಾಜಿನ) ಬೈನಾಕ್ಯುಲರ್ ಸಾಕು. ಒರಾಯನ್‌ನ ಮೂರು ನಕ್ಷತ್ರದ ಸಾಲಿನ ಪಕ್ಕದಲ್ಲಿ ಒರಾಯನ್ ನೀಹಾರಿಕೆ ಇದೆ, ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲದ ಮೋಡ, ಬೈನಾಕ್ಯುಲರಿನಲ್ಲೇ ಬೂದು ಮಂಜಿನಂತೆ ಕಾಣುತ್ತದೆ. ಅದನ್ನು ನೋಡಿ ಹುಡುಗ ಮತ್ತೆ ಮತ್ತೆ ಹೊರಗೆ ಓಡಿದರೆ ಆಗ ಟೆಲಿಸ್ಕೋಪ್ ತೆಗೆದುಕೊಡಿ.

ಟೆಲಿಸ್ಕೋಪ್ ಬಂದ ಮೇಲೆ ರೈಜೆಲ್ ಮೇಲೆ ಒಂದು ಪಂಥ ಕಟ್ಟಬಹುದು. ಅದರ ಪಕ್ಕದಲ್ಲೇ ಒಂದು ಸಣ್ಣ ಜೊತೆಗಾರ ನಕ್ಷತ್ರ ಇದೆ. 1781ರಲ್ಲಿ ವಿಲಿಯಂ ಹರ್ಷಲ್ ಕಂಡದ್ದು, ಯುರೇನಸ್ ಕಂಡುಹಿಡಿದ ವರ್ಷವೇ. ಜೊತೆಗಾರನ ಪ್ರಕಾಶ ರೈಜೆಲ್‌ನ 400ರಲ್ಲಿ ಒಂದು ಪಾಲು, ಹಾಗಾಗಿ ಅದರ ಬೆಳಕಿನಲ್ಲಿ ಮುಳುಗಿ ಹೋಗುತ್ತದೆ. 4 ಇಂಚಿನ ಟೆಲಿಸ್ಕೋಪ್‌ನಲ್ಲಿ ಕಷ್ಟಪಟ್ಟರೆ ಸಿಗುತ್ತದೆ, 6 ಇಂಚಾದರೆ ಸಲೀಸು. ರೈಜೆಲ್ ಕೆಳಗಿರುವಾಗ ಪ್ರಯತ್ನಿಸಿದರೆ ಬರೀ ಕುಣಿಯುವ ಬೆಳಕು ಕಾಣುತ್ತದೆ. ಜನವರಿ ಮಧ್ಯದಲ್ಲಿ ರಾತ್ರಿ ಹತ್ತರ ಹೊತ್ತಿಗೆ ಅದು ದಕ್ಷಿಣದಲ್ಲಿ ತುಂಬಾ ಎತ್ತರಕ್ಕೆ ಬಂದಿರುತ್ತದೆ, ಆಗ ಗಾಳಿ ಇಲ್ಲದ ರಾತ್ರಿ ನೋಡಿ. ಆ ಜೊತೆಗಾರ ಕೂಡ ಒಂಟಿ ಅಲ್ಲ, ಸೂಕ್ಷ್ಮವಾಗಿ ನೋಡಿದರೆ ಅಲ್ಲಿ ಮೂರು ನಕ್ಷತ್ರ ಇವೆ. ಎಲ್ಲ ಸೇರಿ ನಾಲ್ಕು.

ಪ್ರಶ್ನೆ: ನಮ್ಮ ಹೋಮ್‌ಸ್ಟೇಗೆ ಬೆಂಗಳೂರಿನಿಂದ ಬರುವವರು ನಕ್ಷತ್ರ ತೋರಿಸಿ ಎನ್ನುತ್ತಾರೆ. ತೋಟದೊಳಗೆ ಕರೆದುಕೊಂಡು ಹೋದರೆ ಆಗುತ್ತದಾ? ಏನೇನು ತೋರಿಸಬಹುದು? (ಭಾಗಮಂಡಲದ ಬಳಿಯ ಬೆಳೆಗಾರರು)

ತೋಟದೊಳಗೆ ಬೇಡವೇ ಬೇಡ. ಒಂದು, ಆನೆ ಕಾಟ. ಕತ್ತಲಲ್ಲಿ ಕಾಫಿ ಗಿಡದ ನಡುವೆ ಆನೆ ನಿಂತಿದ್ದರೆ ಹತ್ತು ಅಡಿ ಹತ್ತಿರ ಹೋಗುವ ತನಕ ಗೊತ್ತಾಗುವುದಿಲ್ಲ. ಎರಡು, ಸಿಲ್ವರ್ ಓಕ್ ಮರಗಳ ನಡುವೆ ಆಕಾಶ ಕಾಣುವುದಿಲ್ಲ. ಕಾಫಿ ಒಣಗಿಸುವ ಕಣಕ್ಕೆ ಕರೆದುಕೊಂಡು ಬನ್ನಿ. ಮನೆ ಹತ್ತಿರ ಇರುತ್ತದೆ, ಮೇಲೆ ಬಯಲು, ಸುತ್ತ ನೋಡಲು ಜಾಗ ಇರುತ್ತದೆ. ಕೂರಲು ಒಂದು ಖಾಲಿ ಗೋಣಿಚೀಲ ಹಾಸಿದರೆ ಸಾಕು.

ಅದಕ್ಕಿಂತ ಮುಖ್ಯವಾದದ್ದು ಲೈಟ್. ಗೇಟಿನಿಂದ ಮನೆ ತನಕ ಸೀರಿಯಲ್ ಬಲ್ಬ್, ಮರದ ಬುಡಕ್ಕೆ ಹಸಿರು ಫ್ಲಡ್‌ಲೈಟ್ ಹಾಕಿಕೊಂಡು ನಕ್ಷತ್ರ ತೋರಿಸಲು ಆಗುವುದಿಲ್ಲ. ಬೆಂಗಳೂರಿನಲ್ಲಿ ಲೈಟಿಗೆ ಕೊರತೆ ಇಲ್ಲ, ಅವರು ನಿಮ್ಮ ಹತ್ತಿರ ಬರುವುದು ಕತ್ತಲೆಗೇ. ಆ ಕತ್ತಲೆ ಕೊಡಗಿನ ಆಸ್ತಿ, ಕಾಫಿ, ಕರಿಮೆಣಸು, ಏಲಕ್ಕಿಯಷ್ಟೇ ದೊಡ್ಡ ಆಸ್ತಿ ಎಂದು ನಾನು ನಂಬಿದ್ದೇನೆ, ಕಳೆದುಕೊಂಡರೆ ಮತ್ತೆ ಬೆಳೆಸಲು ಆಗುವುದಿಲ್ಲ. ಒಂದು ಗಂಟೆ ಎಲ್ಲ ಆರಿಸಿ. ಆನೆ ಭಯಕ್ಕೆ ಬೇಕೇ ಬೇಕು ಅನ್ನುವ ಒಂದು ದೀಪ ಇದ್ದರೆ ಅದಕ್ಕೆ ಮೇಲಿನಿಂದ ಮುಚ್ಚಳ ಹಾಕಿ, ಬೆಳಕು ನೆಲಕ್ಕೆ ಮಾತ್ರ ಬೀಳಲಿ. ಮೊಬೈಲ್ ಜೇಬಿನಲ್ಲಿರಲಿ. ಕಣ್ಣು ಕತ್ತಲೆಗೆ ಹೊಂದಲು 20ರಿಂದ 30 ನಿಮಿಷ ಬೇಕು, ಒಮ್ಮೆ ಮೊಬೈಲ್ ತೆರೆದರೆ ಆ ಲೆಕ್ಕ ಮತ್ತೆ ಮೊದಲಿನಿಂದ ಶುರು.

ಫೆಬ್ರವರಿಯ ರಾತ್ರಿ ಎಂಟು ಗಂಟೆಗೆ ಆದರೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿ. ಮೊದಲು ಮೂರು ನಕ್ಷತ್ರದ ಸಾಲು, ಆಮೇಲೆ ಆರ್ದ್ರಾ, ರೈಜೆಲ್. ಆ ಸಾಲನ್ನು ಎಡಕ್ಕೆ ಕೆಳಗೆ ಚಾಚಿದರೆ ಲುಬ್ಧಕ ಸಿಗುತ್ತದೆ. ರೈಜೆಲ್‌ಗಿಂತ ನಾಲ್ಕು ಪಟ್ಟು ಪ್ರಕಾಶವಾಗಿ ಕಾಣುತ್ತದೆ, ಎಲ್ಲರೂ ಅದನ್ನೇ ದೊಡ್ಡ ನಕ್ಷತ್ರ ಅಂದುಕೊಳ್ಳುತ್ತಾರೆ. ಆಗ ಹೇಳಿ: ಲುಬ್ಧಕ ಇರುವುದು 8.6 ಜ್ಯೋತಿರ್ವರ್ಷದಲ್ಲಿ, ರೈಜೆಲ್ ಅದರ ನೂರು ಪಟ್ಟು ದೂರ. ರೈಜೆಲ್ಲನ್ನು ತಂದು ಲುಬ್ಧಕನ ಜಾಗದಲ್ಲಿ ಇಟ್ಟರೆ ಅರ್ಧಚಂದ್ರನಷ್ಟು ಬೆಳಕು ಕೊಡುತ್ತದೆ, ಕಣದಲ್ಲಿ ನಿಂತವರ ನೆರಳು ನೆಲದ ಮೇಲೆ ಬೀಳುತ್ತದೆ. ಅಲ್ಲಿಂದ ಇನ್ನೂ ಕೆಳಗೆ, ದಕ್ಷಿಣ ದಿಗಂತದಿಂದ ಎರಡೂವರೆ ಮುಷ್ಟಿ ಎತ್ತರದಲ್ಲಿ ಒಂಟಿಯಾಗಿ ಹೊಳೆಯುವುದು ಅಗಸ್ತ್ಯ ನಕ್ಷತ್ರ. ಭಾಗಮಂಡಲದವರಿಗೆ ಅಗಸ್ತ್ಯ, ಕಾವೇರಿ ಕಥೆ ನಾನು ಹೇಳಬೇಕಾಗಿಲ್ಲ, ನೀವೇ ಹೇಳಿ.

ದಿನ ಆರಿಸುವುದಾದರೆ ಶಿವರಾತ್ರಿ ನೋಡಿ. ಅಮಾವಾಸ್ಯೆಯ ಹಿಂದಿನ ರಾತ್ರಿ, ಚಂದ್ರನ ಕಾಟ ಇಲ್ಲ, ಜಾಗರಣೆಗೆ ಹೇಗೂ ಎಲ್ಲರೂ ಎಚ್ಚರ ಇರುತ್ತಾರೆ. ಮಧ್ಯರಾತ್ರಿ ದಾಟಿದ ಮೇಲೆ ರೈಜೆಲ್ ಪಶ್ಚಿಮಕ್ಕೆ ಇಳಿಯುತ್ತದೆ, ಬೆಟ್ಟ ಅಡ್ಡ ಇದ್ದರೆ ಇನ್ನೂ ಬೇಗ ಮರೆಯಾಗುತ್ತದೆ, ಆದ್ದರಿಂದ ಊಟ ಬೇಗ ಮುಗಿಸಿ ಎಂಟಕ್ಕೇ ಕಣಕ್ಕೆ ಬಂದುಬಿಡಿ.